ಚಿನ್ನದ ನ್ಯಾನೊಕಣ ಕೋಶದೊಳಗೆ ಹೋಗಿದೆಯೋ, ಪೊರೆಯ ಮೇಲೇ ಕೂತಿದೆಯೋ? 4 ಡಿಗ್ರಿಯಲ್ಲೂ ಚಿನ್ನ ಸಿಗುತ್ತಿದೆ

ಪೊರೆಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಸೆಟಪ್ ಹೀಗಿದೆ: ಸಿಟ್ರೇಟ್ ಹೊದಿಕೆಯ 15 ನ್ಯಾನೊಮೀಟರ್ ಚಿನ್ನದ ಕಣ, ಹೀಲಾ ಕೋಶ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶ), 10% ಸೀರಮ್ ಇರುವ ಮೀಡಿಯಂ (ಕೋಶ ಬೆಳೆಸುವ ದ್ರಾವಣ), 4 ಗಂಟೆ ಇನ್‌ಕ್ಯುಬೇಶನ್. ಆಮೇಲೆ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ಮೂರು ಸಲ ತೊಳೆದು, ವೆಲ್‌ನಲ್ಲೇ (ಪ್ಲೇಟಿನ ಗುಳಿಯಲ್ಲೇ) ಆಸಿಡ್ ಹಾಕಿ ಕರಗಿಸಿ, ಲೋಹದ ಪ್ರಮಾಣ ಅಳೆಯುವ ಐಸಿಪಿ-ಎಂಎಸ್‌ ಯಂತ್ರಕ್ಕೆ.

ಮೂರು ಗೊಂದಲ. ಒಂದು, 4 ಡಿಗ್ರಿಯಲ್ಲಿಟ್ಟ ಪ್ಲೇಟ್‌ನಲ್ಲೂ ಸಾಕಷ್ಟು ಚಿನ್ನ ಸಿಗುತ್ತದೆ. ತಂಪಿನಲ್ಲಿ ಎಂಡೋಸೈಟೋಸಿಸ್ (ಪೊರೆ ಸುತ್ತಿಕೊಂಡು ಒಳಗೆಳೆಯುವ ಕ್ರಿಯೆ) ನಿಲ್ಲಬೇಕು ತಾನೆ? ಹಾಗಾದರೆ ಕಣಗಳು ಪೊರೆಯನ್ನು ನೇರವಾಗಿ ತೂರಿ ಹೋಗುತ್ತಿವೆ ಅನ್ನಬಹುದಾ? ಎರಡು, ಸೀರಮ್ ಬಿಟ್ಟರೆ ಚಿನ್ನ ಹಲವು ಪಟ್ಟು ಏರುತ್ತದೆ. ಮೂರು, 50 ನ್ಯಾನೊಮೀಟರ್ ಕಣ ಹಾಕಿದರೆ ಇನ್ನೂ ಏರುತ್ತದೆ. ಈ ಮೂರಕ್ಕೂ ಒಂದೇ ಕಾರಣವಾ, ಬೇರೆ ಬೇರೆಯಾ?

ಅಳತೆಗೋಲು
4 ಡಿಗ್ರಿಯ ಚಿನ್ನ ಬಹುಪಾಲು ಪೊರೆಗೆ ಅಂಟಿದ್ದು. ಐಸಿಪಿ-ಎಂಎಸ್‌ಗೆ ಒಳಗೆ ಹೊರಗೆ ಅಂತ ಭೇದ ಗೊತ್ತಾಗಲ್ಲ, ಕರಗಿದ ಚಿನ್ನವನ್ನಷ್ಟೇ ಎಣಿಸುತ್ತದೆ. ಮೊದಲು ಹೊರಗಿನದನ್ನು ಕರಗಿಸಿ ತೆಗೆಯಿರಿ, ಆಮೇಲೆ ತೂರಿತೋ ಇಲ್ಲವೋ ಮಾತಾಡೋಣ.

ಜೀವಕೋಶಿ
ಅಳತೆಗೋಲು ಹೇಳಿದ್ದು ಸರಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಂಪು ನಿಲ್ಲಿಸುವುದು ಶಕ್ತಿ ಬೇಡುವ ಕೆಲಸವನ್ನು. ಕಣ ಬಂದು ಪೊರೆಗೆ ಅಂಟಲು ಕೋಶದ ಶಕ್ತಿ ಬೇಕಿಲ್ಲ, ಆ ಕೆಲಸ 4 ಡಿಗ್ರಿಯಲ್ಲೂ ನಡೆಯುತ್ತದೆ. ಹಾಗಾಗಿ 37 ಡಿಗ್ರಿಯ ಅಂಕಿ ಅಂದರೆ ಅಂಟಿದ್ದು ಮತ್ತು ಒಳಹೋದದ್ದು ಸೇರಿ. 4 ಡಿಗ್ರಿಯ ಅಂಕಿ ಹೆಚ್ಚುಕಡಿಮೆ ಅಂಟಿದ್ದು ಮಾತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಒಳಹೋದದ್ದು ಸಿಕ್ಕಿತು ಅಂದುಕೊಳ್ಳಬೇಡಿ. ತಂಪಿನಲ್ಲಿ ಪೊರೆಯೇ ಗಟ್ಟಿಯಾಗುತ್ತದೆ, ಗ್ರಾಹಿಗಳ (ಕಣವನ್ನು ಹಿಡಿಯುವ ಪೊರೆಯ ಪ್ರೊಟೀನುಗಳ) ಓಡಾಟ ನಿಧಾನವಾಗುತ್ತದೆ, ಅಂಟುವ ಪ್ರಮಾಣವೂ ಬದಲಾಗುತ್ತದೆ.

4 ಡಿಗ್ರಿಯ ಪ್ರಯೋಗವನ್ನೂ ಸರಿಯಾಗಿ ಮಾಡಬೇಕು. ಬೆಚ್ಚಗಿನ ಮೀಡಿಯಂ ಇರುವ ಪ್ಲೇಟನ್ನು ಹಾಗೇ ಫ್ರಿಜ್‌ಗೆ ತಳ್ಳಿದರೆ ಅದು ತಣ್ಣಗಾಗುವ ಹೊತ್ತಿಗೆ ಒಂದಿಷ್ಟು ಕಣ ಒಳಗೆ ಹೋಗಿರುತ್ತವೆ. ಕೋಶ, ಮೀಡಿಯಂ, ಕಣದ ದ್ರಾವಣ ಮೂರನ್ನೂ ಬೇರೆ ಬೇರೆಯಾಗಿ ಮೊದಲೇ 30 ನಿಮಿಷ ತಣ್ಣಗಿಟ್ಟು ಆಮೇಲೆ ಸೇರಿಸಿ. ಫ್ರಿಜ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಇರಲ್ಲ, ಬೈಕಾರ್ಬನೇಟ್ ಮೀಡಿಯಂನ ಪಿಎಚ್ ಏರುತ್ತದೆ. ಪಿಎಚ್ ಹಿಡಿದಿಡುವ ಹೆಪಿಸ್ ಬಫರ್ 20ರಿಂದ 25 ಮಿಲಿಮೋಲಾರ್ ಸೇರಿಸಿ.

ಅಳತೆಗೋಲು
ಕರಗಿಸುವ ವಿಧಾನ: ಅಯೋಡಿನ್ ಮತ್ತು ಪೊಟಾಸಿಯಂ ಅಯೋಡೈಡ್ ದ್ರಾವಣ, ಮೋಲಾರ್ ಅನುಪಾತ 1ಕ್ಕೆ 6, ಅಯೋಡಿನ್ ಒಂದು ಮಿಲಿಮೋಲಾರ್‌ಗಿಂತ ಕಡಿಮೆ. ಪಿಬಿಎಸ್‌ನಲ್ಲಿ ತಯಾರಿಸಿ. ಅದು ಪೊರೆಯ ಹೊರಗಿನ ಚಿನ್ನವನ್ನು ಕೆಲವೇ ನಿಮಿಷದಲ್ಲಿ ಅಯೋಡೈಡ್ ಸಂಕೀರ್ಣವಾಗಿ ಕರಗಿಸುತ್ತದೆ, ಪೊರೆ ಹರಿಯದೆ ಇದ್ದರೆ ಒಳಗಿನದು ಉಳಿಯುತ್ತದೆ. ಹಿಂದೆ ಸೈನೈಡ್ ಬಳಸುತ್ತಿದ್ದರು, ಜೀವಂತ ಕೋಶದ ಮೇಲೆ ಅದರ ಗೋಜು ಬೇಡ.

ಎಡವುವ ಜಾಗ ಮೂರು. ಮೀಡಿಯಂ ಪೂರ್ತಿ ತೊಳೆಯದೆ ಹಾಕಿದರೆ ಸೀರಮ್ ಪ್ರೊಟೀನು, ಸಿಸ್ಟೀನು ಎಲ್ಲ ಸೇರಿ ಅಯೋಡಿನ್ ಕುಡಿದುಬಿಡುತ್ತವೆ, ಚಿನ್ನ ಕರಗಲ್ಲ. ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್ ಹೊದಿಕೆ) ದಟ್ಟವಾಗಿ ಕೂತ ಕಣ ನಿಧಾನ ಕರಗುತ್ತದೆ, ಅದಕ್ಕೆ ಸಮಯವನ್ನು ಟ್ಯೂಬ್‌ನಲ್ಲಿ ಮೊದಲೇ ನೋಡಿಕೊಳ್ಳಿ: ನಿಮ್ಮದೇ ಕಣವನ್ನು ಸೀರಮ್‌ನಲ್ಲಿಟ್ಟು, ತೊಳೆದು, ದ್ರಾವಣ ಹಾಕಿ, 520 ನ್ಯಾನೊಮೀಟರ್‌ನಲ್ಲಿ ಚಿನ್ನ ಬೆಳಕು ಹೀರುವ ಶಿಖರ ಎಷ್ಟು ನಿಮಿಷದಲ್ಲಿ ಮಾಯವಾಗುತ್ತದೆ ನೋಡಿ. ಅಯೋಡಿನ್ನಿನದೇ ಹಳದಿ ಬಣ್ಣ ಇರುತ್ತದೆ, ಬರಿಗಣ್ಣನ್ನು ನಂಬಬೇಡಿ. ಮೂರನೆಯದು ಮುಖ್ಯ: ಪೊರೆ ಹರಿದ ಕೋಶದ ಒಳಗಿನ ಚಿನ್ನವೂ ಕರಗಿಹೋಗುತ್ತದೆ. ಅದಕ್ಕೇ ಟ್ರಿಪಾನ್ ಬ್ಲೂ (ಪೊರೆ ಹರಿದ ಕೋಶಕ್ಕೆ ಮಾತ್ರ ಹತ್ತುವ ಬಣ್ಣ) ಎಣಿಕೆ ಪಕ್ಕದ ವೆಲ್‌ನಲ್ಲಿ ಇರಲೇಬೇಕು.

ಕೆಂಪುದ್ರಾವಣ
ಎರಡನೇ ಪ್ರಶ್ನೆಗೆ ನನ್ನದೊಂದು ಮರುಪ್ರಶ್ನೆ. ಸೀರಮ್ ಇಲ್ಲದ ವೆಲ್‌ನಲ್ಲಿ ದ್ರಾವಣದ ಬಣ್ಣ ಏನಿತ್ತು?

ಪೊರೆಪ್ರಶ್ನೆ
ಸ್ವಲ್ಪ ನೇರಳೆಗೆ ತಿರುಗಿತ್ತು. ಮೀಡಿಯಂಗೆ ಹಾಕಿರುವ ಬಣ್ಣ ಫೀನಾಲ್ ರೆಡ್ ಪ್ರಭಾವ ಇರಬಹುದು ಅಂತ.

ಕೆಂಪುದ್ರಾವಣ
ಫೀನಾಲ್ ರೆಡ್ ಅಲ್ಲ. ಕಣಗಳು ಗುಂಪುಗಟ್ಟಿವೆ.

ಸಿಟ್ರೇಟ್ ಕಣಗಳು ಪರಸ್ಪರ ದೂರ ಇರುವುದು ಋಣ ಆವೇಶದ ವಿಕರ್ಷಣೆಯಿಂದ. ಶುದ್ಧ ನೀರಿನಲ್ಲಿ ಝೀಟಾ ವಿಭವ (ಕಣದ ಮೇಲ್ಮೈ ಆವೇಶದ ಅಳತೆ) ಸುಮಾರು ಮೈನಸ್ 30ರಿಂದ 40 ಮಿಲಿವೋಲ್ಟ್, ಚೆನ್ನಾಗಿ ನಿಲ್ಲುತ್ತವೆ. ಕೋಶದ ಮೀಡಿಯಂನಲ್ಲಿ ಉಪ್ಪು 150 ಮಿಲಿಮೋಲಾರ್ ಹತ್ತಿರ. ಆ ಉಪ್ಪಿನಲ್ಲಿ ವಿಕರ್ಷಣೆ ಒಂದು ನ್ಯಾನೊಮೀಟರ್ ದೂರಕ್ಕೂ ಸರಿಯಾಗಿ ತಲುಪಲ್ಲ. ಕಣಗಳು ಹತ್ತಿರ ಬರುತ್ತವೆ, ಚಿನ್ನ ಚಿನ್ನದ ಆಕರ್ಷಣೆ ಬಲವಾದ್ದು, ಅಂಟಿಕೊಳ್ಳುತ್ತವೆ. 520 ನ್ಯಾನೊಮೀಟರ್‌ನಲ್ಲಿದ್ದ ಶಿಖರ ತಗ್ಗಿ 600-700 ಕಡೆ ಗುಡ್ಡ ಏಳುತ್ತದೆ, ಕೆಂಪು ನೇರಳೆಯಾಗಿ ನೀಲಿಗೆ ತಿರುಗುತ್ತದೆ. ಆ ಮುದ್ದೆಗಳು ತಳಕ್ಕಿಳಿದು ಕೋಶಗಳ ಮೇಲೆ ಕೂರುತ್ತವೆ, ಪಿಬಿಎಸ್ ತೊಳೆತಕ್ಕೆ ಜಗ್ಗಲ್ಲ. ನಿಮಗೆ ಸಿಕ್ಕ ಹಲವು ಪಟ್ಟು ಚಿನ್ನದಲ್ಲಿ ಇದರ ಪಾಲು ದೊಡ್ಡದು.

ಯಾವುದೇ ಕೋಶ ಪ್ರಯೋಗಕ್ಕೆ ಮುಂಚೆ ಇಷ್ಟು ಮಾಡಿ: ಅದೇ ಮೀಡಿಯಂ, ಅದೇ ಸಾಂದ್ರತೆ, ಕೋಶ ಮಾತ್ರ ಬೇಡ, 37 ಡಿಗ್ರಿ, 4 ಗಂಟೆ. 0, 1, 4 ಗಂಟೆಗೆ 400ರಿಂದ 800ರವರೆಗೆ ಸ್ಪೆಕ್ಟ್ರಮ್ ತೆಗೆಯಿರಿ. 650 ಮತ್ತು 520ರ ಹೀರಿಕೆಯ ಅನುಪಾತ ಏರಬಾರದು. ಶಿಖರ 520ರಿಂದ 524-525ಕ್ಕೆ ಸರಿದರೆ ಗಾಬರಿ ಬೇಡ, ಪ್ರೊಟೀನ್ ಕೂತಿದೆ ಅಷ್ಟೇ. ಫೀನಾಲ್ ರೆಡ್ ಇಲ್ಲದ ಮೀಡಿಯಂ ಬಳಸಿದರೆ ಓದುವುದು ಸುಲಭ.

ಕಣಾದ27
ಕೆಂಪುದ್ರಾವಣ ಅವರೇ, ಪೂರ್ತಿ ಒಪ್ಪಲ್ಲ. ಪೆಗ್ ಹೊದಿಸಿದ, ಉಪ್ಪಿಗೆ ಜಗ್ಗದ ಕಣಗಳಲ್ಲೂ ಸೀರಮ್ ಇಲ್ಲದಾಗ ಕೋಶಕ್ಕೆ ಹತ್ತುವ ಪ್ರಮಾಣ ಜಾಸ್ತಿ ಕಾಣುವುದುಂಟು. ಕರೋನಾ (ಕಣ ಹೊದ್ದುಕೊಳ್ಳುವ ಪ್ರೊಟೀನ್ ಪದರ) ಕಾರಣವನ್ನು ಬಿಟ್ಟೇಬಿಟ್ಟಿರಿ. ಸೀರಮ್ ಸೇರಿಸಿದ ಕೆಲವೇ ಕ್ಷಣದಲ್ಲಿ ಪ್ರೊಟೀನುಗಳು ಕಣವನ್ನು ಮುಚ್ಚುತ್ತವೆ. ಮೊದಲು ಬರುವುದು ಹೇರಳವಾಗಿರುವ ಆಲ್ಬುಮಿನ್, ಆಮೇಲೆ ಗಟ್ಟಿಯಾಗಿ ಹಿಡಿಯುವ ಬೇರೆ ಪ್ರೊಟೀನುಗಳು ಅದನ್ನು ಸರಿಸಿ ಕೂರುತ್ತವೆ. ಪೊರೆ ನೋಡುವುದು ಈ ಪ್ರೊಟೀನ್ ಪದರವನ್ನು. ಬರಿ ಚಿನ್ನದ ಮೇಲ್ಮೈ ಲಿಪಿಡ್‌ಗೆ ಬಲವಾಗಿ ಅಂಟುತ್ತದೆ, ಆಲ್ಬುಮಿನ್ ಮುಚ್ಚಿದ್ದು ಅಷ್ಟು ಅಂಟಲ್ಲ.

ಕೆಂಪುದ್ರಾವಣ
ಪೆಗ್ ಕಣಕ್ಕೆ ನಿಮ್ಮ ಮಾತು ಒಪ್ಪಿದೆ. ಇವರದು ಬರಿ ಸಿಟ್ರೇಟ್, ಬಣ್ಣ ನೇರಳೆ. ಇಲ್ಲಿ ಗುಂಪುಗಟ್ಟಿದ್ದನ್ನು ಬದಿಗಿಟ್ಟು ಕರೋನಾ ಮಾತಾಡಲು ಆಗಲ್ಲ.

ಗಣಕಪೊರೆ
ಭೌತಶಾಸ್ತ್ರದ ಕಡೆಯಿಂದ ಒಂದು ಮಾತು. 15 ನ್ಯಾನೊಮೀಟರ್ ಒಂಟಿ ಕಣವನ್ನು ಬರಿ ಲಿಪಿಡ್ ಪೊರೆ ಸುತ್ತಿಕೊಳ್ಳುವುದೇ ಕಷ್ಟ. ಲೆಕ್ಕ ಸರಳ. ಗೋಳವನ್ನು ಪೂರ್ತಿ ಸುತ್ತಲು ಪೊರೆ ಬಾಗಬೇಕು, ಅದರ ಬೆಲೆ 8 ಪೈ ಗುಣಿಸು ಬಾಗು ಮಾಪಾಂಕ. ಮಾಪಾಂಕ ಸುಮಾರು 20 ಕೆಟಿ (ಕೆಟಿ ಅಂದರೆ ಉಷ್ಣಶಕ್ತಿಯ ಏಕಮಾನ) ಹಿಡಿದರೆ 500 ಕೆಟಿ. ಈ ಬೆಲೆ ಗಾತ್ರದ ಮೇಲೆ ನಿಂತಿಲ್ಲ, ಚಿಕ್ಕ ಗೋಳಕ್ಕೂ ದೊಡ್ಡದಕ್ಕೂ ಒಂದೇ. ಅಂಟಿನಿಂದ ಸಿಗುವ ಲಾಭ ಮಾತ್ರ ಮೇಲ್ಮೈ ವಿಸ್ತೀರ್ಣದ ಜೊತೆ ಏರುತ್ತದೆ. ಚದರ ನ್ಯಾನೊಮೀಟರ್‌ಗೆ 0.1 ಕೆಟಿ ಅಂಟು ಇದ್ದರೆ ಲಾಭ ಖರ್ಚು ಸಮವಾಗುವುದು ತ್ರಿಜ್ಯ 20 ನ್ಯಾನೊಮೀಟರ್‌ನಲ್ಲಿ, ಅಂದರೆ 40 ನ್ಯಾನೊಮೀಟರ್ ವ್ಯಾಸ. ತ್ರಿಜ್ಯ 7.5 ಇರುವ ನಿಮ್ಮ ಕಣಕ್ಕೆ ಅದರ ಏಳು ಪಟ್ಟು ಅಂಟು ಬೇಕು. ಅದಿಲ್ಲದಿದ್ದರೆ ಕಣ ಅರ್ಧಂಬರ್ಧ ಹುದುಗಿ ಪೊರೆಯ ಮೇಲೇ ನಿಲ್ಲುತ್ತದೆ.

ಕಣಾದ27
ಆದರೂ 14-15 ನ್ಯಾನೊಮೀಟರ್ ಕಣಗಳು ಸಾವಿರಗಟ್ಟಲೆ ಒಳಗೆ ಹೋಗುತ್ತವಲ್ಲ. 2006ರಲ್ಲಿ ಚಾನ್ ಗುಂಪು ಹೀಲಾ ಕೋಶದಲ್ಲೇ ಅಳೆದು ಕೊಟ್ಟ ಅಂಕಿ ಇದೆ: ಒಂದು ಕೋಶಕ್ಕೆ 50 ನ್ಯಾನೊಮೀಟರ್ ಕಣ ಸುಮಾರು 6 ಸಾವಿರ, 14 ಮತ್ತು 74 ನ್ಯಾನೊಮೀಟರ್‌ನವು ಸುಮಾರು 3 ಸಾವಿರ. ನಿಮ್ಮ ಲೆಕ್ಕದ ಪ್ರಕಾರ 14ರದ್ದು ಸೊನ್ನೆ ಆಗಬೇಕಿತ್ತು.

ಗಣಕಪೊರೆ
"ಒಂಟಿ ಕಣ", "ಬರಿ ಲಿಪಿಡ್ ಪೊರೆ" ಅಂದಿದ್ದೇನೆ, ಗಮನಿಸಿ. ಕೋಶದಲ್ಲಿ ಮೂರು ಸಂಗತಿ ಬದಲಾಗುತ್ತವೆ. ಕರೋನಾ ಸೇರಿ ತ್ರಿಜ್ಯ 15ರ ಹತ್ತಿರ ಬಂದರೆ ಬೇಕಾದ ಅಂಟು ಚದರ ನ್ಯಾನೊಮೀಟರ್‌ಗೆ 0.18 ಕೆಟಿಗೆ ಇಳಿಯುತ್ತದೆ. ಎರಡನೆಯದು, ಹಲವು ಕಣ ಒಟ್ಟಿಗೆ ಸೇರಿ ಒಂದೇ ಗುಳಿಯಲ್ಲಿ ಇಳಿಯುತ್ತವೆ. ಮೂರನೆಯದು, ಬಾಗುವ ಖರ್ಚನ್ನು ಕ್ಲಾಥ್ರಿನ್ ಬುಟ್ಟಿ, ಆಕ್ಟಿನ್, ಡೈನಮಿನ್ ಎಂಬ ಕೋಶದ ಪ್ರೊಟೀನುಗಳು ಹೊರುತ್ತವೆ. ಗ್ರಾಹಿಗಳು ಪೊರೆಯ ಮೇಲೆ ಓಡಿ ಬಂದು ಕಣದ ಸುತ್ತ ಸೇರುವ ವೇಗವನ್ನೂ ಲೆಕ್ಕಕ್ಕೆ ಹಿಡಿದ 2005ರ ಗಾವ್, ಶಿ, ಫ್ರ್ಯೂಂಡ್ ಮಾದರಿಯಲ್ಲಿ ಅತಿ ಬೇಗ ಸುತ್ತಿಕೊಳ್ಳುವ ತ್ರಿಜ್ಯ 27ರಿಂದ 30 ನ್ಯಾನೊಮೀಟರ್ ಬರುತ್ತದೆ. ಅದು 50ರ ಆಸುಪಾಸಿನ ವ್ಯಾಸಕ್ಕೆ ಹೊಂದುತ್ತದೆ. ತೀರಾ ದೊಡ್ಡ ಕಣಕ್ಕೆ ಗ್ರಾಹಿಗಳು ಸಾಲುವುದಿಲ್ಲ, ಬಂದು ಸೇರಲು ತಡವಾಗುತ್ತದೆ. ತೀರಾ ಚಿಕ್ಕದಕ್ಕೆ ಅಂಟಿನ ಲಾಭಕ್ಕೆ ಹೋಲಿಸಿದರೆ ಬಾಗುವ ಬೆಲೆ ಹೆಚ್ಚು.

ಅಳತೆಗೋಲು
ಕಣಾದ ಕೊಟ್ಟ ಅಂಕಿಯಲ್ಲೇ ಮೂರನೇ ಪ್ರಶ್ನೆಗೆ ಅರ್ಧ ಉತ್ತರ ಇದೆ. ಪೊರೆಪ್ರಶ್ನೆ, ನೀವು ಹೋಲಿಸುತ್ತಿರುವುದು ಚಿನ್ನದ ತೂಕವನ್ನೋ, ಕಣಗಳ ಸಂಖ್ಯೆಯನ್ನೋ? 50ರ ಒಂದು ಕಣದ ತೂಕ 15ರ 37 ಕಣಗಳಷ್ಟು. 14, 50, 74ರ ಆ ಅಂಕಿಗಳನ್ನೇ ತೂಕಕ್ಕೆ ತಿರುಗಿಸಿ: 74ರದ್ದು 50ಕ್ಕಿಂತ ಸುಮಾರು 1.6 ಪಟ್ಟು ಜಾಸ್ತಿ ಚಿನ್ನ ತಂದಿದೆ. ಸಂಖ್ಯೆಯಲ್ಲಿ ಗೆದ್ದದ್ದು 50, ತೂಕದಲ್ಲಿ ಗೆದ್ದದ್ದು 74. ಯಾವ ಅಳತೆ ಅಂತ ಬರೆಯದೆ "ಹೆಚ್ಚು ಹೀರಿಕೊಂಡಿತು" ಅಂದರೆ ಅರ್ಥವೇ ಇಲ್ಲ.

ಪೊರೆಪ್ರಶ್ನೆ
ತೂಕ. ಎರಡೂ ಗಾತ್ರವನ್ನು 520ರ ಹೀರಿಕೆ ಒಂದೇ ಬರುವ ಹಾಗೆ ಹಾಕಿದ್ದು.

ಅಳತೆಗೋಲು
ಹಾಗಾದರೆ ಕೋಶಗಳಿಗೆ ಸಿಕ್ಕ ಕಣಗಳ ಸಂಖ್ಯೆ ಎರಡು ವೆಲ್‌ನಲ್ಲಿ ಹತ್ತಾರು ಪಟ್ಟು ಬೇರೆ. 13 ನ್ಯಾನೊಮೀಟರ್ ಕಣಕ್ಕೆ ಮೋಲಾರ್ ಹೀರಿಕೆ ಗುಣಾಂಕ 2.7 ಗುಣಿಸು 10ರ ಘಾತ 8, ಹೀರಿಕೆ 1 ಅಂದರೆ 3.7 ನ್ಯಾನೊಮೋಲಾರ್. 50ಕ್ಕೆ ಗುಣಾಂಕ 10ರ ಘಾತ 10ರ ಮಟ್ಟದ್ದು. ಗಾತ್ರ ಹೋಲಿಸುವಾಗ ಸಂಖ್ಯೆ ಸಮ ಮಾಡಿ ಒಂದು ಸೆಟ್, ಮೇಲ್ಮೈ ವಿಸ್ತೀರ್ಣ ಸಮ ಮಾಡಿ ಇನ್ನೊಂದು ಸೆಟ್ ಮಾಡಿ.

ಬೆಳಕುಚದುರು
ತಳಕ್ಕಿಳಿಯೋದನ್ನ ಯಾರೂ ಹೇಳಲಿಲ್ಲಲ್ರಿ. 50ರ ಕಣ ಚಿನ್ನದ್ದು, ಸಾಂದ್ರತೆ 19.3. ನೀರಿನ ಸ್ನಿಗ್ಧತೆ ಹಿಡಿದು ಸ್ಟೋಕ್ಸ್ ಲೆಕ್ಕ ಹಾಕ್ರಿ: ಸೆಕೆಂಡಿಗೆ ಸುಮಾರು 25 ನ್ಯಾನೊಮೀಟರ್, ದಿನಕ್ಕ 2 ಮಿಲಿಮೀಟರ್ ಮೇಲೆ. 37 ಡಿಗ್ರಿಯೊಳಗ ಇನ್ನೂ ಜೋರು. ವೆಲ್‌ನೊಳಗ ಮೀಡಿಯಂ ಎತ್ತರಾನೇ ಸುಮಾರು 3 ಮಿಲಿಮೀಟರ್. 100ರದ್ದು ಇದರ ನಾಲ್ಕು ಪಟ್ಟು ವೇಗ. 15ರದ್ದು ದಿನಕ್ಕ 0.2 ಮಿಲಿಮೀಟರೂ ಇಳಿಯಂಗಿಲ್ಲ, ಅದು ಬರೇ ಡಿಫ್ಯೂಶನ್ ಮ್ಯಾಲೆ ನಿಂತದ. ಅಂದ್ರ ದೊಡ್ಡ ಕಣ ಕೋಶದ ಮ್ಯಾಲೆ ತಾನ ಬಂದು ಬೀಳತದ. ಅದನ್ನ ಪೊರೆಯ ಆಯ್ಕೆ ಅಂತ ತಿಳಕೊಂಡ್ರ ತಪ್ಪಾಗತದ.

2011ರಾಗ ಶಿಯಾ ಗುಂಪು ಕೋಶಗಳನ್ನ ತಲೆಕೆಳಗಾಗಿ ತೂಗಿಬಿಟ್ಟು ನೋಡ್ಯಾರ. ಚಿಕ್ಕ ಕಣಕ್ಕ ನೇರ, ತಲೆಕೆಳಗು ಎರಡೂ ಒಂದೇ. ದೊಡ್ಡ, ಭಾರದ ಕಣಕ್ಕ ನೇರ ಇಟ್ಟಾಗ ಜಾಸ್ತಿ. ಮಾಡಲಿಕ್ಕೆ ಕಷ್ಟ ಏನಿಲ್ಲ: ಕವರ್‌ಸ್ಲಿಪ್ ಮ್ಯಾಲೆ ಕೋಶ ಬೆಳೆಸಿ, ಸಣ್ಣ ಆಧಾರದ ಮ್ಯಾಲೆ ಬೋರಲು ಇಡ್ರಿ, ಅಂಚಿನ್ಯಾಗ ಗಾಳಿಗುಳ್ಳೆ ಸಿಗದಂಗ ನೋಡ್ಕೋರಿ.

ಜೀವಕೋಶಿ
ಇದು ಒಳ್ಳೆಯ ಮಾತು. 4 ಗಂಟೆಯ ಪ್ರಯೋಗದಲ್ಲಿ 50ರ ಕಣ ಇಳಿಯುವುದು ಅರ್ಧ ಮಿಲಿಮೀಟರ್ ಒಳಗೆ, ಆದರೆ ಗುಂಪುಗಟ್ಟಿದರೆ ಈ ಲೆಕ್ಕ ಹಾರಿಹೋಗುತ್ತದೆ.

ಹೊಂಗಿರಣ
ನೇರವಾಗಿ ತೂರುವುದು ಇಲ್ಲವೇ ಇಲ್ಲ ಅನ್ನುವ ಹಾಗೆ ಚರ್ಚೆ ಹೋಗುತ್ತಿದೆ. ಇದೆ. 2008ರಲ್ಲಿ ಸ್ಟೆಲ್ಲಾಚಿ ಗುಂಪು ತೋರಿಸಿದ್ದು: ಮೇಲ್ಮೈಯಲ್ಲಿ ಸಲ್ಫೋನೇಟ್ ತುದಿಯ ಉದ್ದ ಥಯಾಲ್ ಮತ್ತು ಆಕ್ಟೇನ್‌ಥಯಾಲ್ ಎರಡನ್ನೂ ಹೊತ್ತ ಚಿಕ್ಕ ಕಣ 4 ಡಿಗ್ರಿಯಲ್ಲೂ ಕೋಶದೊಳಗೆ ಹೋಯಿತು, ಪೊರೆಯಲ್ಲಿ ತೂತು ಬೀಳಲಿಲ್ಲ.

ಗಣಕಪೊರೆ
ಹೌದು, ಆದರೆ ಷರತ್ತು ನೋಡಿ. ತಿರುಳಿನ ವ್ಯಾಸ ಕೆಲವೇ ನ್ಯಾನೊಮೀಟರ್, ಪೊರೆಯ ದಪ್ಪವೇ 4-5 ನ್ಯಾನೊಮೀಟರ್. ಲಿಗ್ಯಾಂಡ್ ಬಳುಕುವಂಥದ್ದು. ಆವೇಶ ಹೊತ್ತ ತುದಿಗಳು ಬಳುಕಿ ಎರಡೂ ಬದಿಯ ನೀರಿನತ್ತ ಚಾಚಿಕೊಳ್ಳುತ್ತವೆ, ಎಣ್ಣೆಯಂಥ ಭಾಗ ಲಿಪಿಡ್ ಬಾಲಗಳ ನಡುವೆ ಕೂರುತ್ತದೆ. ಹೀಗೆ ಕಣ ಪೊರೆಯಲ್ಲೇ ಹುದುಗಿಕೊಳ್ಳುತ್ತದೆ. ತಿರುಳು ದೊಡ್ಡದಾದರೆ ಲಿಗ್ಯಾಂಡ್ ತುದಿ ಆಚೆಬದಿಗೆ ಮುಟ್ಟಲ್ಲ, ಆಟ ಮುಗಿಯಿತು. 15 ನ್ಯಾನೊಮೀಟರ್ ಸಿಟ್ರೇಟ್ ಕಣಕ್ಕೆ ಈ ದಾರಿ ಇಲ್ಲ. ಸಿಟ್ರೇಟ್ ಚಿಕ್ಕ ಅಣು, ಸಡಿಲವಾಗಿ ಕೂತಿರುತ್ತದೆ, ಎಣ್ಣೆಯಂಥ ಭಾಗವೂ ಅದರಲ್ಲಿಲ್ಲ.

ಹೊಂಗಿರಣ
ಸಿಟ್ರೇಟ್‌ಗೆ ಅನ್ವಯಿಸಲ್ಲ ಅನ್ನೋದು ಒಪ್ಪಿದೆ. ಧನ ಆವೇಶದ ಕಣಗಳ ಬಗ್ಗೆ ಏನಂತೀರಿ? ರೊಟೆಲ್ಲೊ ಗುಂಪಿನ 2004ರ ಕೆಲಸದಲ್ಲಿ 2 ನ್ಯಾನೊಮೀಟರ್ ತಿರುಳಿನ ಅಮೋನಿಯಂ ತುದಿಯ ಕಣ ಕಾರ್ಬಾಕ್ಸಿಲೇಟ್ ತುದಿಯದಕ್ಕಿಂತ ಕೋಶಕ್ಕೆ ಹೆಚ್ಚು ವಿಷ, ಲಿಪಿಡ್ ಗುಳ್ಳೆಗಳಿಂದ ಬಣ್ಣ ಸೋರಿಸಿದ್ದೂ ಅದೇ.

ಗಣಕಪೊರೆ
ಅದು ತೂರುವುದಕ್ಕಿಂತ ಹರಿಯುವುದಕ್ಕೆ ಹತ್ತಿರ. ಪೊರೆಯ ಹೊರಮೈ ಸಿಯಾಲಿಕ್ ಆಸಿಡ್, ಸಲ್ಫೇಟ್ ಸಕ್ಕರೆಗಳಿಂದ ಋಣ, ಧನ ಕಣ ಗಟ್ಟಿಯಾಗಿ ಹಿಡಿದು ಲಿಪಿಡ್‌ಗಳನ್ನು ಎಳೆದಾಡುತ್ತದೆ, ಸಾಂದ್ರತೆ ಏರಿದರೆ ತೂತು ಬೀಳುತ್ತದೆ. ಒಳಗೆ ಸಿಕ್ಕ ಚಿನ್ನ ತೂರಿಬಂದದ್ದೋ, ಸತ್ತ ಕೋಶಕ್ಕೆ ಸೋರಿ ಬಂದದ್ದೋ ಬಿಡಿಸಿ ಹೇಳಲು ಪೊರೆ ಹರಿದದ್ದನ್ನು ತೋರಿಸುವ ಪ್ರೊಪೀಡಿಯಂ ಅಯೋಡೈಡ್ ಅಥವಾ ಎಲ್‌ಡಿಎಚ್ ಪರೀಕ್ಷೆ ಪಕ್ಕದಲ್ಲಿ ಬೇಕು. ಸೀರಮ್ ಹಾಕಿದರೆ ಧನ ಕಣವೂ ಪ್ರೊಟೀನ್ ಹೊದ್ದು ಝೀಟಾ ಋಣಕ್ಕೆ ತಿರುಗುತ್ತದೆ, ಅದನ್ನೂ ಅಳೆಯಿರಿ.

ನೊರೆನೀರು
ನ್ಯಾನೊರಾಡ್‌ಗಳಿಗೂ (ಕಡ್ಡಿ ಆಕಾರದ ಕಣಗಳಿಗೂ) ಇದೇ ನಿಯಮವಾ? ರಾಡ್ ಹಾಕಿದರೆ ಕೋಶಗಳು ಬೇಗ ಸಾಯುತ್ತವೆ.

ಕೆಂಪುದ್ರಾವಣ
ಸಾಯಿಸುತ್ತಿರುವುದು ಬಹುಶಃ ರಾಡ್ ಅಲ್ಲ, ಉಳಿದ ಸಿಟ್ಯಾಬ್. ರಾಡ್ ಬೆಳೆಸುವ ದ್ರಾವಣದಲ್ಲಿ ಸಿಟ್ಯಾಬ್ 0.1 ಮೋಲಾರ್ ಮಟ್ಟದಲ್ಲಿರುತ್ತದೆ, ಕೋಶಕ್ಕೆ ಮೈಕ್ರೊಮೋಲಾರ್ ಮಟ್ಟದ್ದೇ ಸಾಕು, ಅದು ಪೊರೆ ಕರಗಿಸುವ ಸಾಬೂನಿನ ಜಾತಿ. ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ ತೊಳೆಯಿರಿ. ಅತಿಯಾಗಿ ತೊಳೆದರೆ ರಾಡ್ ಬೋಳಾಗಿ ಗುಂಪುಗಟ್ಟುತ್ತದೆ, ಆದ್ದರಿಂದ ಒಂದು ತೊಳೆತದ ನಂತರ ಥಯಾಲ್ ತುದಿಯ ಪೆಗ್ ಹಾಕಿ ರಾತ್ರಿಯಿಡೀ ಬಿಟ್ಟು, ಆಮೇಲೆ ಉಳಿದ ಸಿಟ್ಯಾಬ್ ತೆಗೆಯಿರಿ. ಕೋಣೆ ತಣ್ಣಗಿದ್ದರೆ ಸಿಟ್ಯಾಬ್ ಹರಳುಗಟ್ಟಿ ಪೆಲೆಟ್ ಜೊತೆಗೇ ಬರುತ್ತದೆ, 28-30 ಡಿಗ್ರಿಯಲ್ಲಿ ತಿರುಗಿಸಿ.

ಕಡ್ಡಾಯ ಕಂಟ್ರೋಲ್: ಕೊನೆಯ ದ್ರಾವಣವನ್ನು ಸೆಂಟ್ರಿಫ್ಯೂಜ್ ಮಾಡಿ, ರಾಡ್ ಇಲ್ಲದ ಮೇಲ್ತಿಳಿಯನ್ನು ಮಾತ್ರ ಕೋಶಕ್ಕೆ ಹಾಕಿ. ಅದರಲ್ಲೂ ಸತ್ತರೆ ಉತ್ತರ ಸಿಕ್ಕಿತು.

ನೊರೆನೀರು
ಎಂಟಿಟಿಯಲ್ಲಿ (ಬದುಕಿದ ಕೋಶವನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ನೋಡಿದ್ದು. ಅದು ಸಾಕಾ?

ಬೆಳಕುಚದುರು
ಸಾಲಂಗಿಲ್ರಿ. ಎಂಟಿಟಿ ಓದೋದು 570ರಾಗ, ಚಿನ್ನ ಹೀರೋದೂ ಅಲ್ಲೇ. ಕೋಶಕ್ಕ ಅಂಟಿದ ಚಿನ್ನ ಬಣ್ಣ ಕೂಡಿಸಿ ಸತ್ತ ಕೋಶವನ್ನ ಬದುಕಿಸಿ ತೋರಸತದ. ಎಂಟಿಟಿಯಿಂದ ಬರೋ ಬಣ್ಣ, ಫಾರ್ಮಜಾನ್, ಕರಗಿಸಿದ ಮ್ಯಾಲೆ ಪ್ಲೇಟನ್ನ ಸೆಂಟ್ರಿಫ್ಯೂಜ್ ಮಾಡಿ, ಮೇಲ್ತಿಳಿ ಹೊಸ ಪ್ಲೇಟಿಗೆ ಹಾಕಿ ಓದ್ರಿ. ಎಂಟಿಟಿ ಹಾಕದ, ಬರೇ ಕಣ ಹಾಕಿದ ವೆಲ್ ಸಹಿತ ಇರಲಿ.

ಲಿಪಿಡ್ ಗುಳ್ಳೆಯ ಸೋರಿಕೆ ಪರೀಕ್ಷೆಯೊಳಗೂ ಇದೇ ಮೋಸ. ಕ್ಯಾಲ್ಸೀನ್ ಅನ್ನೋ ಹೊಳೆಯೋ ಬಣ್ಣ 60ರಿಂದ 80 ಮಿಲಿಮೋಲಾರ್ ಒಳಗ ತುಂಬಿದ್ರ ತನ್ನ ಬೆಳಕು ತಾನ ಆರಿಸಿಕೊಂಡಿರತದ, ಸೋರಿದಾಗ ಹೊಳೀತದ. ಹೊಳೆಯೋದು 515ರ ಹತ್ತಿರ, ಚಿನ್ನ ಹೀರೋದು 520ರಾಗ. ಸೋರಿದ್ರೂ ಚಿನ್ನ ಬೆಳಕು ನುಂಗಿ ಸೋರಿಲ್ಲ ಅಂತ ತೋರಸತದ. 520ರ ಹೀರಿಕೆ 0.05 ಒಳಗಿರೋ ಅಷ್ಟು ಕಣ ಹಾಕ್ರಿ, ಇಲ್ಲಾಂದ್ರ ಬಿಡಿ ಕ್ಯಾಲ್ಸೀನ್‌ಗ ಅಷ್ಟೇ ಕಣ ಸೇರಿಸಿ ಎಷ್ಟು ಬೆಳಕು ಕಳೀತದ ನೋಡಿ ತಿದ್ದುಪಡಿ ಮಾಡ್ರಿ. ಕೊನೆಗೆ ಗುಳ್ಳೆ ಒಡೆಯೋ ಟ್ರೈಟಾನ್ ಹಾಕಿ ನೂರು ಪ್ರತಿಶತ ತೆಗೆಯೋದು ಚಿನ್ನ ಇರೋ ಸ್ಯಾಂಪಲ್‌ನಾಗೇ ಮಾಡಬೇಕು.

ಕಣಾದ27
ಲಿಪಿಡ್ ಗುಳ್ಳೆಗಳ ಮಾತು ಬಂತಲ್ಲ, ಅದರಲ್ಲೊಂದು ಅದ್ಭುತ ವಿಷಯ ಇದೆ. ಸಿಟ್ರೇಟ್ ಕಣವನ್ನು ಡಿಒಪಿಸಿ ಎಂಬ ಲಿಪಿಡ್‌ನ ಗುಳ್ಳೆಗಳಿಗೆ ಹಾಕಿದರೆ ದ್ರಾವಣ ಕೆಂಪಿನಿಂದ ನೀಲಿಗೆ ತಿರುಗುತ್ತದೆ. ಡಿಪಿಪಿಸಿ ಎಂಬ ಇನ್ನೊಂದು ಲಿಪಿಡ್‌ನ ಗುಳ್ಳೆಗೆ ಕೋಣೆಯ ಉಷ್ಣತೆಯಲ್ಲಿ ಹಾಕಿದರೆ ಬಹುಮಟ್ಟಿಗೆ ಕೆಂಪಾಗೇ ಉಳಿಯುತ್ತದೆ. ಎರಡಕ್ಕೂ ತಲೆಭಾಗ ಒಂದೇ, ಕೋಲೀನ್. ವ್ಯತ್ಯಾಸ ಮೆದುತನದಲ್ಲಿ: ಡಿಒಪಿಸಿ ಮೈನಸ್ 17 ಡಿಗ್ರಿಗೇ ದ್ರವವಾಗುತ್ತದೆ, ಡಿಪಿಪಿಸಿಗೆ 41 ಬೇಕು. ಮೆದು ಪೊರೆ ಕಣವನ್ನು ತಬ್ಬಿ ಸಿಟ್ರೇಟನ್ನು ಸರಿಸುತ್ತದೆ, ಕಣಗಳು ಪೊರೆಯ ಮೇಲೇ ಪರಸ್ಪರ ಹತ್ತಿರ ಬರುತ್ತವೆ. ಗಟ್ಟಿ ಪೊರೆ ತಬ್ಬಲ್ಲ. ಬಣ್ಣ ನೋಡಿಯೇ ಪೊರೆಯ ಬಿಗಿತ ಅಂದಾಜಿಸಬಹುದು, ಎಂಥ ಚೆಂದದ ಪ್ರಯೋಗ!

ಹೊಂಗಿರಣ
ಬಣ್ಣದ ಮಾತಿಗೆ ಸ್ವಲ್ಪ ದಾರಿ ತಪ್ಪುತ್ತೇನೆ. ಫ್ಯಾರಡೆ 1857ರಲ್ಲಿ ಮಾಡಿದ ಚಿನ್ನದ ಕೊಲಾಯ್ಡ್‌ಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಇನ್ನೂ ಇವೆ, ಬಣ್ಣ ಉಳಿದಿದೆ. ಉಪ್ಪು ಸೇರಿಸಿದರೆ ಕೆಂಪು ನೀಲಿಯಾಗುತ್ತದೆ ಅಂತ ಅವರು ಆಗಲೇ ಗಮನಿಸಿದ್ದರು.

ನೊರೆನೀರು
ಬ್ರಿಟಿಷ್ ಮ್ಯೂಸಿಯಂನ ಲೈಕರ್ಗಸ್ ಬಟ್ಟಲೂ ಅದೇ ಅಲ್ವಾ? ಹೊರಗಿನಿಂದ ಹಸಿರು, ಒಳಗೆ ದೀಪ ಇಟ್ಟರೆ ಕೆಂಪು.

ಹೊಂಗಿರಣ
ಅದರಲ್ಲಿ ಚಿನ್ನದ ಜೊತೆ ಬೆಳ್ಳಿಯೂ ಇದೆ. ನಾಲ್ಕನೇ ಶತಮಾನದ ರೋಮನ್ ಗಾಜು.

ನಿರ್ವಾಹಕ
ಬಟ್ಟಲಿಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ಪೊರೆಗೆ ವಾಪಸ್ ಬನ್ನಿ.

ಪೊರೆಪ್ರಶ್ನೆ
ತುಂಬಾ ಉಪಯೋಗ ಆಗುತ್ತಿದೆ. ಅಯೋಡಿನ್ ತೊಳೆತದ ನಂತರವೂ 37 ಡಿಗ್ರಿಯಲ್ಲಿ ಚಿನ್ನ ಉಳಿದರೆ ಯಾವ ದಾರಿಯಿಂದ ಹೋಯಿತು ಅಂತ ನೋಡಬೇಕು. ಒಳಹೋಗುವ ದಾರಿ ತಡೆಯುವ ರಾಸಾಯನಿಕಗಳು ಡೈನಸೋರ್, ಕ್ಲೋರ್‌ಪ್ರೊಮಝೀನ್, ಮೀಥೈಲ್ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಮೂರೂ ಇವೆ. ಹಾಗೇ ಹಾಕಬಹುದಾ?

ಜೀವಕೋಶಿ
ಹಾಗೇ ಹಾಕಬೇಡಿ. ಇಲ್ಲಿ ಎಲ್ಲರೂ ಜಾರುವ ಒಂದು ಜಾಗ ಇದೆ. ಡೈನಸೋರ್ 80 ಮೈಕ್ರೊಮೋಲಾರ್ ಬಳಸುತ್ತಾರೆ, ಆದರೆ ಅದು ಸೀರಮ್ ಪ್ರೊಟೀನಿಗೆ ಅಂಟಿ ನಿಷ್ಫಲವಾಗುತ್ತದೆ, ಸೀರಮ್ ಇಲ್ಲದೆ ಮಾಡಬೇಕು. ಸೀರಮ್ ತೆಗೆದ ತಕ್ಷಣ ನಿಮ್ಮ ಕಣಕ್ಕೆ ಕರೋನಾ ಹೋಯಿತು, ಮೇಲೆ ಹೇಳಿದ ಗುಂಪುಗಟ್ಟುವಿಕೆ ಬಂತು. ಆಗ ನೀವು ತಡೆದದ್ದು ಯಾವ ಕಣದ ದಾರಿಯನ್ನು?

ಪರಿಹಾರ: ಕಣವನ್ನು ಮೊದಲೇ ಸೀರಮ್ ಮೀಡಿಯಂನಲ್ಲಿ 37 ಡಿಗ್ರಿಯಲ್ಲಿ 1 ಗಂಟೆ ಇಡಿ. 15ರ ಕಣಕ್ಕೆ 15,000 ಜಿ ಹತ್ತಿರ 30 ನಿಮಿಷ, 50ರದಕ್ಕೆ 3,000 ಜಿ 15-20 ನಿಮಿಷ ತಿರುಗಿಸಿ, ಮೇಲ್ತಿಳಿ ತೆಗೆದು ಸೀರಮ್ ಇಲ್ಲದ ಮೀಡಿಯಂನಲ್ಲಿ ಎಬ್ಬಿಸಿ. ಗಟ್ಟಿ ಕರೋನಾ ಉಳಿದುಕೊಂಡಿರುತ್ತದೆ. ಸ್ಪೆಕ್ಟ್ರಮ್ ತೆಗೆದು ಗುಂಪುಗಟ್ಟಿಲ್ಲ ಅಂತ ನೋಡಿಯೇ ಮುಂದುವರಿಯಿರಿ. ಪೆಲೆಟ್ ಒತ್ತಾಗಿ ಕಪ್ಪಾಗಿ ಕೂತು ಎಬ್ಬಿಸಲು ಬರದಿದ್ದರೆ ವೇಗ ಜಾಸ್ತಿಯಾಗಿದೆ.

ಕ್ಲೋರ್‌ಪ್ರೊಮಝೀನ್ ಮಿಲಿಲೀಟರ್‌ಗೆ 10 ಮೈಕ್ರೊಗ್ರಾಂ. ಅದು ತಾನೇ ಧನ ಆವೇಶದ, ಅರ್ಧ ಎಣ್ಣೆಯಂಥ ಅಣು, ಪೊರೆಯಲ್ಲಿ ಸೇರಿಕೊಂಡು ಅದರ ಗುಣವನ್ನೇ ಬದಲಿಸುತ್ತದೆ. ಸೈಕ್ಲೋಡೆಕ್ಸ್‌ಟ್ರಿನ್ 5 ಮಿಲಿಮೋಲಾರ್ 30 ನಿಮಿಷ ಕೊಲೆಸ್ಟೆರಾಲ್ ಕೀಳುತ್ತದೆ. ಕೇವಿಯೋಲಿ (ಪೊರೆಯ ಪುಟ್ಟ ಗುಳಿಗಳ ದಾರಿ) ಮಾತ್ರ ನಿಲ್ಲುತ್ತದೆ ಅಂದುಕೊಳ್ಳುತ್ತಾರೆ, ಕ್ಲಾಥ್ರಿನ್ ದಾರಿಗೂ ಪೆಟ್ಟು ಬೀಳುತ್ತದೆ. ಪ್ರತಿ ತಡೆಗೂ ಒಂದು ಗುರುತಿನ ಸರಕು ಇರಲಿ: ಕ್ಲಾಥ್ರಿನ್‌ಗೆ ಬಣ್ಣ ಹಚ್ಚಿದ ಟ್ರಾನ್ಸ್‌ಫೆರಿನ್, ಮ್ಯಾಕ್ರೋಪಿನೋಸೈಟೋಸಿಸ್‌ಗೆ (ಕೋಶ ಹೊರಗಿನ ದ್ರವವನ್ನು ದೊಡ್ಡ ಗುಟುಕಾಗಿ ನುಂಗುವುದು) 70 ಕಿಲೋಡಾಲ್ಟನ್ ಡೆಕ್ಸ್‌ಟ್ರಾನ್. ಅದು ನಿಂತರೆ ಮಾತ್ರ ನಿಮ್ಮ ತಡೆ ಕೆಲಸ ಮಾಡಿದೆ.

ನೊರೆನೀರು
ಕಣಕ್ಕೇ ಹೊಳೆಯುವ ಬಣ್ಣ ಹಚ್ಚಿ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಷ್ಟೆಲ್ಲ ಬೇಡವಲ್ಲ?

ಬೆಳಕುಚದುರು
ಬ್ಯಾಡ್ರಿ. ಚಿನ್ನದ ಹತ್ತಿರ ಬಣ್ಣ ಆರತದ. ಒಳಗ ಗ್ಲುಟಾಥಯೋನ್ 1ರಿಂದ 10 ಮಿಲಿಮೋಲಾರ್ ಇರತದ, ಅದು ಥಯಾಲ್ ಬಣ್ಣವನ್ನ ಕಿತ್ತು ಬಿಡತದ. ಕಿತ್ತ ಮ್ಯಾಲೆ ಅದು ಹೊಳೀತದ! ಅಂದ್ರ ಕಾಣೋದು ಬಣ್ಣ, ಕಣ ಎಲ್ಲೋ. ಕಣ ಚದುರಿಸೋ ಬೆಳಕು ತೋರಿಸೋ ಡಾರ್ಕ್‌ಫೀಲ್ಡ್ ನೋಡ್ರಿ, ಆದರ ಚದುರಿಕೆ ತ್ರಿಜ್ಯದ ಆರನೇ ಘಾತ. 50ರ ಒಂಟಿ ಕಣ ಕಾಣತದ, 15ರದ್ದು ಗುಂಪಾದ್ರ ಅಷ್ಟೇ ಕಾಣತದ.

ಕಣಾದ27
ಜಾಗ ಖಚಿತ ಆಗಬೇಕಾದರೆ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ). 70 ನ್ಯಾನೊಮೀಟರ್ ಸೆಕ್ಷನ್, 15 ಮೈಕ್ರೊಮೀಟರ್ ಕೋಶದ ಸುಮಾರು 200ರಲ್ಲಿ ಒಂದು ಹೋಳು. ಕೋಶದಲ್ಲಿ ಸಾವಿರ ಕಣ ಇದ್ದರೂ ಒಂದು ಹೋಳಿನಲ್ಲಿ ಸರಾಸರಿ ಐದು. ಎರಡು ಚಿತ್ರ ನೋಡಿ "ಸೈಟೋಸಾಲ್‌ನಲ್ಲಿದೆ" (ಕೋಶದ ಒಳದ್ರವದಲ್ಲಿ ಬಿಡಿಯಾಗಿದೆ) ಅನ್ನಬೇಡಿ. ಎಂಡೋಸೋಮ್ (ಕಣವನ್ನು ಒಳಗೆ ತಂದ ಚೀಲ) ಪೊರೆಯನ್ನು ಓರೆಯಾಗಿ ಕೊಯ್ದರೆ ಅದು ಮಸುಕಾಗಿ ಕಾಣದೇ ಹೋಗುತ್ತದೆ, ಕಣ ಬಿಡಿಯಾಗಿದ್ದಂತೆ ತೋರುತ್ತದೆ. ಸ್ಟೇಜನ್ನು ವಾಲಿಸಿ ನೋಡಿ. 5ಕ್ಕಿಂತ ಚಿಕ್ಕ ಕಣಕ್ಕೆ ಯುರೇನಿಲ್, ಸೀಸದ ಬಣ್ಣದ ಚೂರುಗಳೇ ಚಿನ್ನದಂತೆ ಕಾಣುತ್ತವೆ, ಬಣ್ಣ ಹಾಕದ ಒಂದು ಸೆಕ್ಷನ್ ಉಳಿಸಿಕೊಳ್ಳಿ.

ಪೊರೆಪ್ರಶ್ನೆ
ಕೊನೆಯದು. ವೆಲ್‌ನಲ್ಲೇ ಕರಗಿಸುವುದು ಸರಿಯಾ? ಎಷ್ಟು ಚಿನ್ನ ನಿರೀಕ್ಷಿಸಬೇಕು?

ಅಳತೆಗೋಲು
ವೆಲ್‌ನಲ್ಲಿ ಬೇಡ. ಕಣ ಪ್ಲಾಸ್ಟಿಕ್‌ಗೂ ಅಂಟುತ್ತದೆ, ಪಾಲಿಲೈಸಿನ್ ಹಚ್ಚಿದ ತಳಕ್ಕಂತೂ ಕೇಳುವುದೇ ಬೇಡ. ಟ್ರಿಪ್ಸಿನ್‌ನಿಂದ ಎಬ್ಬಿಸಿ, ಎಣಿಸಿ, ಹೊಸ ಟ್ಯೂಬ್‌ಗೆ. ಟ್ರಿಪ್ಸಿನ್ ಪೊರೆಯ ಪ್ರೊಟೀನ್ ಕತ್ತರಿಸುವಾಗ ಅಂಟಿದ ಒಂದಿಷ್ಟು ಕಣವೂ ಉದುರುತ್ತದೆ, ಆದ್ದರಿಂದ "ಅಂಟಿದ್ದು" ಅಳೆಯುವ ಸೆಟ್‌ಗೆ ಕೆರೆದು ತೆಗೆಯುವುದು ಮೇಲು. ಕೋಶ ಇಲ್ಲದ ವೆಲ್ ಒಂದನ್ನು ಕೊನೆತನಕ ಜೊತೆಗೆ ಒಯ್ಯಿರಿ.

ಪೆಲೆಟ್‌ಗೆ ಆಗಷ್ಟೇ ಬೆರೆಸಿದ ಅಕ್ವಾ ರೀಜಿಯಾ, ಹೈಡ್ರೋಕ್ಲೋರಿಕ್ 3, ನೈಟ್ರಿಕ್ 1. ಫ್ಯೂಮ್ ಹುಡ್‌ನಲ್ಲಿ, ಮುಚ್ಚಳ ಬಿಗಿ ಮಾಡದೆ. ಬಿಗಿ ಮಾಡಿದರೆ ಅನಿಲದ ಒತ್ತಡಕ್ಕೆ ಟ್ಯೂಬ್ ಸಿಡಿಯುತ್ತದೆ. ಪೂರ್ತಿ ಕರಗಿದ ಮೇಲೆ ತೆಳು ಮಾಡಿ, ಆದರೆ ಹೈಡ್ರೋಕ್ಲೋರಿಕ್ 2% ಉಳಿದಿರಲಿ. ಬರಿ ನೈಟ್ರಿಕ್‌ನಲ್ಲಿ ಚಿನ್ನ ಟ್ಯೂಬಿಂಗ್ ಗೋಡೆಗೆ ಹತ್ತಿ ಮುಂದಿನ ಸ್ಯಾಂಪಲ್‌ನಲ್ಲಿ ಉದುರುತ್ತದೆ. ಸ್ಟ್ಯಾಂಡರ್ಡ್‌ಗಳೂ ಅದೇ ಆಸಿಡ್‌ನಲ್ಲಿರಲಿ. ಆಂತರಿಕ ಮಾನಕಕ್ಕೆ ಇರಿಡಿಯಂ ಅಥವಾ ಬಿಸ್ಮತ್. ಹೆಚ್ಚು ಚಿನ್ನದ ಸ್ಯಾಂಪಲ್ ನಂತರ ಬ್ಲ್ಯಾಂಕ್ ಓದಿ, ಇಳಿಯುವ ತನಕ ತೊಳೆಯಿರಿ.

ನಿರೀಕ್ಷೆ: 50ರ ಒಂದು ಕಣ 1.26 ಫೆಮ್ಟೊಗ್ರಾಂ. ಒಂದು ಲಕ್ಷ ಕೋಶ, ಕೋಶಕ್ಕೆ ಸಾವಿರ ಕಣ ಅಂದರೆ 126 ನ್ಯಾನೊಗ್ರಾಂ, 5 ಮಿಲಿಲೀಟರ್‌ಗೆ ತೆಳು ಮಾಡಿದರೆ 25 ಪಿಪಿಬಿ (ಮಿಲಿಲೀಟರ್‌ಗೆ 25 ನ್ಯಾನೊಗ್ರಾಂ), ಆರಾಮ. 15ರ ಕಣಕ್ಕೆ ಅದೇ ಸಂಖ್ಯೆ 0.7 ಪಿಪಿಬಿಗೆ ಇಳಿಯುತ್ತದೆ. ಅಲ್ಲಿ ಬ್ಲ್ಯಾಂಕ್ ಕೊಳೆಯಾಗಿದ್ದರೆ ನಿಮ್ಮ 4 ಡಿಗ್ರಿಯ ಅಂಕಿ ಪೂರ್ತಿ ಅದರದ್ದೇ ಆಗಿರಬಹುದು.

ಜೀವಕೋಶಿ
ತೊಳೆಯುವ ಪಿಬಿಎಸ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಲಿ, ಅಯೋಡಿನ್ ಹಂತದಲ್ಲೂ ಸೇರಿ. ಇಲ್ಲದಿದ್ದರೆ ತಣ್ಣಗಿನ ಕೋಶಗಳು ಕಿತ್ತುಕೊಂಡು ತೊಳೆನೀರಿನ ಜೊತೆ ಹೋಗುತ್ತವೆ, ಎರಡು ಉಷ್ಣತೆಯ ಪ್ಲೇಟ್‌ಗಳ ಕೋಶಸಂಖ್ಯೆ ಹೊಂದುವುದಿಲ್ಲ.